ಜಾಮ್ ಬಾಟಲಿ

ಪ್ರತಿ ಜುಲೈಗೂ ಗುಡಿಬಂಡೆ ಹೈಸ್ಕೂಲಿಗೆ
ಕುಂಟೆ ನೀರು ತರುವವನು ನಾನೇ, ಅಟೆಂಡರ್ ಗಂಗುಲಪ್ಪ.
ಪಾಚಿ ಇರೋ ಕಡೆ ಮುಳುಗಿಸಿ, ಅಂತಾರೆ ಮೇಡಂ.
ಮುಳುಗಿಸುತ್ತೇನೆ. ಪಾಠ ಮುಗಿದ ಮೇಲೆ
ಸಿಂಕಿಗೆ ಸುರಿಯುತ್ತೇನೆ.

ಇಪ್ಪತ್ತಾರು ವರ್ಷ.
ಇವತ್ತು ಊಟದ ಬೆಲ್ಲಾದ ಮೇಲೆ
ಕನ್ನಡಕ ತೆಗೆದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.

ಅಯ್ಯೋ,
ಎಡಗಾಲ ಚಪ್ಪಲಿಯಂಥದ್ದು, ಕಾಲಿಲ್ಲದೆ ಹೊರಟಿದೆ,
ಮೈಸುತ್ತ ನವಿರು. ಡಿಕ್ಕಿ ಹೊಡೆದು, ಹಿಂದೆ ಸರಿದು,
ಮತ್ತೆ ಹೊರಟಿದೆ.
ಹಸಿರು ಗುಂಡೊಂದು ಉರುಳುತ್ತಿದೆ,
ಹೊಟ್ಟೆಯೊಳಗೆ ಮರಿಗುಂಡುಗಳು.

ಬಲ್ಬಿನ ಕಾವಿಗೆ ಹನಿಯ ಅಂಚು ಒಳಸರಿಯಿತು.
ಕೆರೆ ಬತ್ತಿದ್ದು ನೋಡಿದ್ದೇನೆ; ಇಷ್ಟು ಬೇಗ ಅಲ್ಲ.
ಬೆರಳದ್ದಿ ಇನ್ನೊಂದು ಹನಿ ಬಿಟ್ಟೆ.

ಸಂಜೆ ಬಾಟಲಿ ಹಿಡಿದು ಕುಂಟೆಗೆ ಹೋದೆ.
ಎಮ್ಮೆ ತೊಳೆಯುತ್ತಿದ್ದ ನಾರೆಪ್ಪ ನಕ್ಕ:
ಏನಣ್ಣಾ, ತಗೊಂಡಿದ್ದ ನೀರು ವಾಪಸ್ಸಾ?

ಸಿಂಕಿನ ಲೆಕ್ಕ ಅವನಿಗೆ ಹೇಳಲಿಲ್ಲ.