ಆರು ಮೊಟ್ಟೆ, ಒಂದು ಟಾರ್ಚು

ಜೆಪ್ಪುವಿನ ಈ ಹಿಂಬದಿ ಕೋಣೆಯಲ್ಲಿ
ಕೆಟ್ಟ ಫ್ರಿಜ್ಜೊಂದು ಬಿಸಿ ಕೊಡುತ್ತದೆ.
ಕಂಪ್ರೆಸರ್ ಕಿತ್ತು, ಹೀಟರ್ ಸುರುಳಿ ಕೂರಿಸಿ
ಮೂವತ್ತೊಂದೂವರೆ ಡಿಗ್ರಿಗೆ ಕಟ್ಟಿಹಾಕಿದ್ದೇನೆ.
ಊರಿಗೆಲ್ಲ ತಂಪು ರಿಪೇರಿ ಮಾಡಿಕೊಟ್ಟವನ ಮನೆಯಲ್ಲಿ
ಇದೊಂದು ಕಾವು.

ಮೊನ್ನೆ ರಾತ್ರಿ ಹೆಬ್ಬಾವು ಮೊಟ್ಟೆಯಿಟ್ಟಿತು. ಆರು.
ಆಫ್ರಿಕದ ಸಣ್ಣ ಜಾತಿ. ಹೆದರಿದರೆ ಚೆಂಡಾಗಿ
ತಲೆಯನ್ನು ಒಳಗಿಟ್ಟುಕೊಳ್ಳುತ್ತದೆ.
ಮೊಟ್ಟೆಗೂ ಹಾಗೆಯೇ ಸುತ್ತಿಕೊಂಡಿತ್ತು.
ಒಂದೊಂದೇ ಸುತ್ತು ಬಿಡಿಸಿದೆ. ಕಚ್ಚಲಿಲ್ಲ.
ಕಚ್ಚಬಹುದಿತ್ತು.

ತೊಕ್ಕೊಟ್ಟಿನ ನಿಶಾಂಕ ಮುಂಗಡ ಕಳಿಸಿದ್ದಾನೆ:
"ಜೇಡರಬಲೆ ಚಿತ್ತಾರದ್ದೇ ಬೇಕು ಅಂಕಲ್,
ಮಗಳ ಬರ್ತ್‌ಡೇಗೆ."

ಕಳೆದ ಸಲದ್ದೊಂದು ಸುರತ್ಕಲ್ಲಿಗೆ ಹೋಗಿತ್ತು.
ಎರಡು ತಿಂಗಳಿಗೆ ವಿಡಿಯೋ ಬಂತು.
ಇಲಿ ಮೂಗಿನ ಮುಂದೆಯೇ, ಮರಿ ಮಾತ್ರ
ಗಾಳಿಗೆ ಬಾಯಿ ಹಾಕುತ್ತದೆ,
ಕತ್ತು ತಿರುಪು ಮೊಳೆಯಂತೆ ತಿರುಚಿ
ಹೊಟ್ಟೆ ಮೇಲಾಗಿ ಬೀಳುತ್ತದೆ, ಮತ್ತೆ ಏಳುತ್ತದೆ.
ಕೆಳಗೆ ಬರೆದಿದ್ದರು: "ಡ್ಯಾನ್ಸ್ ಮಾಡ್ತದೆ!"
ನಗುವ ಮುಖ ಮೂರು.

ನನಗೆ ಗೊತ್ತಿತ್ತು.
ಆ ಚಿತ್ತಾರ ಹುಟ್ಟುವಲ್ಲೇ ಆ ತಿರುಗೂ ಹುಟ್ಟುತ್ತದೆ,
ಒಂದನ್ನು ಬಿಟ್ಟು ಇನ್ನೊಂದಿಲ್ಲ.
ಗೊತ್ತಿದ್ದೇ ಗಂಡನ್ನು ಪೆಟ್ಟಿಗೆಗೆ ಬಿಟ್ಟವನು ನಾನು.
ಆ ದುಡ್ಡಲ್ಲಿ ಸ್ಕೂಟರಿಗೆ ಎರಡು ಹೊಸ ಟಯರು.

ಗೋಡೆಯಾಚೆಯ ವಾರಿಜಕ್ಕ ಒಮ್ಮೆ ಕೇಳಿದ್ದರು:
"ನಾಗರ ಸತ್ತರೆ ಸಂಸ್ಕಾರ ಉಂಟು, ಸೂತಕ ಉಂಟು.
ನಿನ್ನ ಈ ಪರದೇಶಿಗೆ ಎಂತ ಉಂಟು ಮಾರಾಯ?"
"ಕಾಗದ ಉಂಟಕ್ಕ, ಸರಕಾರದ್ದು" ಎಂದು ನಕ್ಕಿದ್ದೆ.

ಅದಕ್ಕೆ ಏಳು ವರ್ಷ, ನನಗೆ ಐವತ್ತೆಂಟು.
ಮೂವತ್ತು ದಾಟಿಯೂ ಬದುಕುತ್ತವಂತೆ ಇವು.
ನೀನು ಹೋದ ಮೇಲೆ ಅದರ ಚಾಕರಿ ನನಗೆ ಬೇಡ,
ಪ್ರೆಸಿಲ್ಲಾ ಮೊದಲೇ ಹೇಳಿಯಾಗಿದೆ.
ನೇತ್ರಾವತಿಯ ದಡಕ್ಕೆ ಬಿಡುವ ಹಾಗಿಲ್ಲ,
ಇಲ್ಲಿಯದಲ್ಲ. ಅಲ್ಲಿಗೆ ಹೋಗಲಾರದು.
ಅದಕ್ಕೆ ಇರುವುದು ಎರಡು ಮೊಳದ ಪೆಟ್ಟಿಗೆ
ಮತ್ತು ನನ್ನ ಪ್ರಾಯ.

ಲೈಟು ಆರಿಸಿ ಮೊಟ್ಟೆಗೆ ಟಾರ್ಚು ಹಿಡಿದೆ.
ಎರಡು ಖಾಲಿ, ಹಳದಿ.
ನಾಲ್ಕರಲ್ಲಿ ಕೆಂಪು ನರ, ಒದ್ದೆ ಮರಳಿನ ಮೇಲೆ
ಏಡಿ ನಡೆದ ಗೆರೆಯಷ್ಟು ತೆಳು.
ಯಾವುದು ನೆಟ್ಟಗೆ ಹರಿದೀತು, ಯಾವುದು ತಿರುಚೀತು,
ನರ ಹೇಳುವುದಿಲ್ಲ.
ತುಂಬ ಹೊತ್ತು ಹಿಡಿದಿದ್ದೆ. ಸೆಲ್ಲು ಮಂದವಾಯಿತು.

ಹೀಟರಿನ ಸ್ವಿಚ್ಚು ಆರಿಸಿ, ಮೊಟ್ಟೆ ಡಬ್ಬಿಗೆ ಹಾಕಿ
ಅಡುಗೆಮನೆಯ ಅಸಲಿ ಫ್ರಿಜ್ಜಿಗೆ ಒಯ್ದೆ.
ಮೇಲಿನ ಖಾನೆಯಲ್ಲಿ ಒಂದು ಕಡೆ ಬಂಗುಡೆ,
ಇನ್ನೊಂದು ಕಡೆ ಪ್ರೆಸಿಲ್ಲಾ ಕೆಂಪು ದಾರ ಕಟ್ಟಿಟ್ಟ
ಇಲಿಗಳ ಪೊಟ್ಟಣ.
ನಡುವೆ ಜಾಗ ಮಾಡಿದೆ.
ನಿಶಾಂಕನ ದುಡ್ಡು ವಾಪಸು ಹೋಯಿತು. ಅವನು
ಬೈದದ್ದು ಸರಿಯೇ ಇರಬಹುದು.

ಇವತ್ತಿಗೆ ನಾಲ್ಕನೇ ದಿನ.
ಮಧ್ಯೆ ಆರು ಮೊಟ್ಟೆಯಷ್ಟು ಜಾಗ ಬಿಟ್ಟು
ಹೆಬ್ಬಾವು ಈಗಲೂ ಸುತ್ತಿ ಮಲಗಿದೆ.
ಮೈಗಂಟಿದ ವಾಸನೆ ತೊಳೆದರೆ
ಮತ್ತೆ ತಿನ್ನತೊಡಗುತ್ತದೆ, ತೊಳೆಯಬೇಕು.

ನೀರು ಬೆಚ್ಚಗೆ ಮಾಡಿಟ್ಟು
ಬಾಗಿಲಲ್ಲಿ ನಿಂತಿದ್ದೇನೆ.