ಚಾಕಿನ ಗುರುತು

ಭಾನುವಾರ ಸಂಜೆ ಕೌಲ್‌ಬಜಾರಿನ ಹಿಂದೆ
ಮುಚ್ಚಿದ ವಾಷಿಂಗ್ ಯೂನಿಟ್ಟಿನ ಮಾಳಿಗೆ ಮೇಲೆ
ನಾವು ಹನ್ನೊಂದು ಮಂದಿ, ಬರಿಗಾಲು.
ಕೋಟೆ ಗುಡ್ಡದ ಕಾವು ಇನ್ನೂ ಇಳಿದಿಲ್ಲ,
ಸಿಮೆಂಟಿನದೂ ಇಲ್ಲ,
ಅಂಗಾಲು ಎತ್ತೆತ್ತಿ ಇಡುತ್ತೇವೆ.
"ಹಾಂ, ಹಿಂಗೇ ಇರ್ಲಿ ಕಾಲು" ಅನ್ನುತ್ತಾರೆ ಪಂಪಾಪತಿ ಮಾಸ್ತರು,
"ಬೇರು ಬಿಟ್ಟೋಳು ಬಿದ್ದಂಗೇ."

ಅವರ ಕೈಯಲ್ಲಿ ಚಾಕು ಇಲ್ಲ.
ನಮ್ಮದೇ ಕಟಿಂಗ್ ಟೇಬಲಿನ ಚಾಕ್,
ಎರ್ರೆಮ್ಮ ಸೆರಗಿನ ತುದಿಗೆ ಕಟ್ಟಿ ತಂದದ್ದು.
ಮೈಗೆ ತಾಗಿದರೆ ಗೆರೆ, ಗೆರೆ ಅಂದರೆ ಗಾಯ.
ಯೂನಿಟ್ಟಿನ ಕೋಟು ತೊಟ್ಟೇ ಬನ್ನಿ ಅಂದದ್ದು ಇದಕ್ಕೇ:
ನೀಲಿಯ ಮೇಲೆ ಬಿಳಿ ಸುಳ್ಳು ಹೇಳುವುದಿಲ್ಲ.

ಆರು ದಿನ ಜೀನ್ಸ್ ಬಟ್ಟೆಗೆ ನಾನು ಗೆರೆ ಎಳೆಯುತ್ತೇನೆ,
ಇಲ್ಲಿ ಕತ್ತರಿಸು, ಇಲ್ಲಿ ಜೇಬು, ಇಲ್ಲಿ ಮಡಿಕೆ.
ಏಳನೇ ದಿನ ಬಟ್ಟೆ ನಾನೇ.

ಮೊದಲ ವಾರ ಎಣಿಸಿದರು. ಹದಿನಾಲ್ಕು.
ಹೊಟ್ಟೆಗೆ ಆರು, ಕುತ್ತಿಗೆಗೆ ಒಂದು,
ಉಳಿದವು ಎಲ್ಲೆಲ್ಲೋ.
"ಸತ್ತಿ ನೀನು. ಹೋಗಿ ನೀರು ಕುಡಿ."
ಸತ್ತವಳು ಹೋಗಿ ನೀರು ಕುಡಿದೆ.

ಅವರ ಎಡಗೈಯ ಎರಡು ಬೆರಳು ಮಡಚುವುದಿಲ್ಲ.
ಗಣಿ ಲಾರಿಗಳ ಕಾಲ, ತೂಕದ ಕಾಟಾದಲ್ಲಿ ರಾತ್ರಿ ಕಾವಲು,
ಚೂರಿಯ ಅಲಗನ್ನೇ ಹಿಡಿದರಂತೆ.
"ಸಿನಿಮಾ ಭಾಳ ನೋಡಿದ್ದೆ" ಅನ್ನುತ್ತಾರೆ, ಅಷ್ಟೆ.

ಅದಕ್ಕೇ ಇರಬೇಕು ಅವರ ಪಾಠ ಉಲ್ಟಾ.
ಮೊದಲು ಓಟ.
ಓಡಲಾಗದಿದ್ದರೆ ಪರ್ಸು ಬಿಸಾಕು,
ಅವನ ಕಣ್ಣು ಅತ್ತ ಹೊರಳಿದಾಗ ಮತ್ತೆ ಓಟ.
ಬೆನ್ನಿಗೆ ಗೋಡೆ ಹತ್ತಿದರೆ ಮಾತ್ರ ಕೈ.
ಕೈಯೂ ಹೀಗೆ: ಹೊರಮೈ ಅವನಿಗೆ, ಒಳಮೈ ನಿನಗೆ.
ರಕ್ತದ ದೊಡ್ಡ ದಾರಿಗಳೆಲ್ಲ ಒಳಗಿವೆ,
ಬಳೆ ಹಿಡಿದು ನಾಡಿ ನೋಡುವ ಕಡೆ.
"ಗೀರು ಬೀಳ್ತದ. ಬೀಳ್ಲಿ.
ಎಲ್ಲಿ ಬೀಳಬೇಕಂತ ನೀ ಹೇಳು."
ಶಂಷಾದ್ ನಗುತ್ತಾಳೆ:
ಗಾಯಕ್ಕೂ ಅಳತೆ ಕೊಡಬೇಕೇನ್ರಿ ಮಾಸ್ತರೆ?

ಒಂದು ಸಂಜೆ ಚಾಕ್ ನನ್ನ ಕೈಗೆ ಬಂತು.
"ಎರ್ರೆಮ್ಮನ ಮೇಲೆ ಹೋಗು."
ಐವತ್ತೆರಡು ವಯಸ್ಸು, ಮಂಡಿ ನೋವು,
ನನಗೆ ಬಾಬಿನ್ ಹಾಕಲು ಕಲಿಸಿದವಳು.
ಎಷ್ಟು ಸಲೀಸು!
ಕೈಗೆ ಯಾರೂ ಹೇಳಿಕೊಡಬೇಕಾಗಲೇ ಇಲ್ಲ.
ಮೂರು ಉಸಿರಿಗೆ ಒಂಬತ್ತು ಗೆರೆ.
ಆ ರಾತ್ರಿ ಅನ್ನ ಕಲಸಲು ಕೈ ಬೇಡವಾಗಿ
ಚಮಚ ಹುಡುಕಿದೆ.

ಮಂಗಳವಾರ, ಓವರ್‌ಟೈಮು, ಹತ್ತೂವರೆ.
ರೈಲ್ವೆ ಕೆಳಸೇತುವೆಯೊಳಗೆ ದೀಪ ಹೋಗಿತ್ತು.
ಹುಡುಗ. ಮೀಸೆ ಪೆನ್ಸಿಲಿನಲ್ಲಿ ಬರೆದಷ್ಟೇ.
ಈರುಳ್ಳಿ ಹೆಚ್ಚುವ ಚಾಕು, ಕೆಂಪು ಪ್ಲಾಸ್ಟಿಕ್ ಹಿಡಿ,
ಇಪ್ಪತ್ತು ರೂಪಾಯಿಯದು; ನನ್ನ ಒಲೆಯ ಪಕ್ಕ ಅದೇ ಇದೆ.
ಅವನ ಕೈ ನಡುಗುತ್ತಿತ್ತು.
ನಡುಗುವ ಕೈಗೇ ಹೆಚ್ಚು ಹೆದರಬೇಕು ಅಂತ ಪಾಠದಲ್ಲಿತ್ತು.

ಯಾವ ಪಟ್ಟೂ ನೆನಪಾಗಲಿಲ್ಲ.
ಬ್ಯಾಗು ಎಸೆದೆ, ಡಬ್ಬಿ ಬಿದ್ದು ಉರುಳಿದ ಸದ್ದು,
ಓಡಿದೆ.
ಒಂದು ಚಪ್ಪಲಿ ಅಲ್ಲೇ.
ಮೋತಿ ಸರ್ಕಲ್ಲಿನ ಚಹಾದಂಗಡಿಯ ಬೆಳಕಿಗೆ ಬಂದು ತಿರುಗಿದರೆ
ಹಿಂದೆ ಯಾರೂ ಇಲ್ಲ,
ಎಷ್ಟು ಹೊತ್ತಿನಿಂದ ಇರಲಿಲ್ಲವೋ.

ಕೋಟು ಒಗೆಯುವಾಗ ಎಡತೋಳಿನ ಮೇಲೊಂದು ಗೆರೆ.
ಭಾನುವಾರದ ಚಾಕಿನದೇ ಇರಬೇಕೆಂದು ಉಜ್ಜಿದೆ.
ಬೆರಳು ಒಳಗೆ ಹೋಯಿತು.
ನಾಲ್ಕು ಬೆರಳುದ್ದ, ನೇರ. ಚರ್ಮಕ್ಕೆ ತಾಕಿರಲಿಲ್ಲ.
ತೋಳಿನ ಹೊರಮೈ.
ಕೈ ಯಾವಾಗ ಎತ್ತಿದೆನೋ!

ಊಟದ ಬಿಡುವಿನಲ್ಲಿ ಕಿತ್ತಳೆ ದಾರ ಹಾಕಿ
ಡಬಲ್ ಹೊಲಿಗೆ ಹೊಡೆದೆ.
ಶಂಷಾದ್ ಇಣುಕಿದಳು: ಹೊಸ ಮಾಡೆಲ್ಲಾ?
ಹೌದು ಅಂದೆ, ಈಗ ಹರಿದದ್ದಕ್ಕೇ ರೇಟು.

ಭಾನುವಾರ ಮಾಸ್ತರಿಗೆ ಹೇಳಿದೆ, ತಲೆ ತಗ್ಗಿಸಿ,
ಏನೂ ಮಾಡಲಿಲ್ಲರಿ, ಓಡಿಬಿಟ್ಟೆ ಅಂತ.
ಅವರು ತೋಳಿನ ಹೊಲಿಗೆಯನ್ನು ಒಮ್ಮೆ ನೋಡಿದರು,
ಆ ಎರಡು ಮಡಚದ ಬೆರಳಿನಲ್ಲಿ ಸವರಿ.
ಹೊಗಳಲಿಲ್ಲ.
"ನಿನ್ನ ಚಪ್ಪಲಿ ನಂಬರೆಷ್ಟವ್ವ?" ಅಂದರು.