ಮುಕ್ಕಾಲು ಸುತ್ತು

ಎಣ್ಣೆ ಇಳಿದಾಯಿತು,
ಬೋಗುಣಿಯ ತುಂಬ ಕಾಕಂಬಿಯಂಥ ಕಪ್ಪು.
ಇನ್ನು ಉಳಿದದ್ದು ಫಿಲ್ಟರು:
ಕೈಹಿಡಿಯಷ್ಟು ತಗಡಿನ ಡಬ್ಬಿ, ಕಿತ್ತಳೆ ಬಣ್ಣ.
ಅದು ಅಲುಗುವುದಿಲ್ಲ.

ನ್ಯೂಫೌಂಡ್‌ಲ್ಯಾಂಡಿನ ಉತ್ತರ ದಂಡೆ, ಮೇ ತಿಂಗಳು.
ಕೊಲ್ಲಿಯಲ್ಲಿ ಇನ್ನೂ ಮಂಜಿನ ಬಂಡೆಗಳು ತೇಲುತ್ತಿವೆ.
ಟ್ರಕ್ಕಿನ ಮುಂಗಾಲುಗಳನ್ನು ಎರಡು ಇಳಿಜಾರು ಹಲಗೆಗೆ ಹತ್ತಿಸಿ
ಕ್ಲ್ಯಾರಿಸ್ ಬಜೆಲ್ ಅಡಿಯಲ್ಲಿ ಅಂಗಾತ ಮಲಗಿದ್ದಾಳೆ,
ಬೆನ್ನಿಗೆ ಫ್ರಿಜ್ಜು ಬಂದಿದ್ದ ರಟ್ಟು.
ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಏಡಿಯ ಕಾಲು ಮುರಿದ ಕೈ ಅವಳದು.
ಆ ಕೈಗೂ ಅಲುಗುವುದಿಲ್ಲ.

ಎಡಕ್ಕೆ ತಿರುಗಿಸಿದರೆ ಸಡಿಲ, ಸರಿ.
ಅಂಗಾತ ಮಲಗಿದವಳಿಗೆ ಎಡ ಯಾವುದು?
ಒಂದು ಗಳಿಗೆ ಅನುಮಾನ: ಇಷ್ಟು ಹೊತ್ತೂ
ಬಿಗಿ ಮಾಡುತ್ತಲೇ ಇದ್ದೆನೆ?
ಬೆರಳಿಂದ ಗಾಳಿಯಲ್ಲಿ ಸೊನ್ನೆ ಸುತ್ತಿ ನೋಡುತ್ತಾಳೆ.
ಇಲ್ಲ, ತಿರುಗಿಸುತ್ತಿರುವುದು ಸರಿಯಾಗಿಯೇ ಇದೆ.

ನಮ್ಮಲ್ಲಾದರೆ ಉಡದ ಪಟ್ಟು ಅನ್ನುತ್ತಿದ್ದೆವು.
ಇಲ್ಲಿ ಉಡವಿಲ್ಲ. ಬೇಲಿಯಾಚೆಯಿಂದ ಹೆಡ್ಲಿ ಪೆಲ್ಲಿ ಅನ್ನುವುದೇ ಬೇರೆ:
"ಬಂಡೆಗೆ ಕಚ್ಚಿದ ಚಿಪ್ಪು ಇದ್ದಂತೆ, ಕ್ಲ್ಯಾರಿಸ್.
ಅದಕ್ಕೆ ಗೊತ್ತಾಗುವ ಮೊದಲೇ ಕೀಳಬೇಕು.
ಗೊತ್ತಾಯಿತೋ, ಮುಗಿಯಿತು."
ಅವನಿಗೆ ಎಂಬತ್ತು. ಸಲಹೆ ಕೊಡುತ್ತಾನೆ, ಬಗ್ಗುವುದಿಲ್ಲ.

ಪಟ್ಟಿಯ ಪಾನಾ ಜಾರಿತು.
ಉಪ್ಪುಕಾಗದ ಸುತ್ತಿ ಹಿಡಿದರೂ ಜಾರಿತು.
ಹಳೆಯ ಬೆಲ್ಟು ಬಿಗಿದು ಎಳೆದರೆ ಬೆಲ್ಟೇ ಹರಿದು
ಗೆಣ್ಣಿನ ಚರ್ಮ ಸುಲಿಯಿತು.
ಆಮೇಲೆ ಸ್ಕ್ರೂಡ್ರೈವರು, ಸುತ್ತಿಗೆ:
ಡಬ್ಬಿಯ ಈ ಕೆನ್ನೆಯಿಂದ ಆ ಕೆನ್ನೆಗೆ ತೂರಿಸಿ
ಸನ್ನೆಗೋಲಿನಂತೆ ಜಗ್ಗಿದಳು.
ತಗಡು ಸೀಳಿತು, ತಿರುಗಲಿಲ್ಲ.
ತೂತಿನಿಂದ ಬೆಚ್ಚಗಿನ ಎಣ್ಣೆ
ಮುಂಗೈಗಿಳಿದು, ಮೊಣಕೈ ದಾಟಿ, ಕಂಕುಳಿಗೆ ಬಂತು.

"ಯಾವ ಮುಠ್ಠಾಳ ಬಿಗಿದನೋ ಇದನ್ನು!"
ಬೈದ ಮೇಲೆ ನೆನಪಾಯಿತು.

ಅಕ್ಟೋಬರು. ಇದೇ ರಟ್ಟು.
ಕಿವಿಗೂ ಭುಜಕ್ಕೂ ನಡುವೆ ಫೋನು,
ಆ ತುದಿಯಲ್ಲಿ, ಗ್ಯಾಂಡರಿನಲ್ಲಿ, ತಂಗಿ ಯೂನಾ.
ಬೇಟೆಯಾಡಿದ ಮೂಸ್ ಮಾಂಸದ ಪಾಲಿನ ಮಾತು
(ಪರವಾನಗಿ ಇಬ್ಬರದು, ಫ್ರೀಜರು ಇವಳದು)
ಪಾಲಿನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಯಿತು,
ಮೂವತ್ತು ವರ್ಷದ ಹಿಂದೆ ಎರವಲು ಕೊಟ್ಟ
ಒಂದು ಹಸಿರು ಕೋಟಿನವರೆಗೆ.
"ನೀನು ಹಿಡಿದದ್ದನ್ನು ಬಿಡುವವಳೇ ಅಲ್ಲ" ಎಂದಳು ಯೂನಾ.
ಕ್ಲ್ಯಾರಿಸ್ ಉತ್ತರ ಕೊಡಲಿಲ್ಲ.
ಕೈಯಲ್ಲಿ ಏನಿತ್ತೋ ಅದನ್ನು ತಿರುಗಿಸಿದಳು.
ಇನ್ನೊಂದಿಷ್ಟು. ಆಮೇಲೆ ಇನ್ನೂ ಒಂದಿಷ್ಟು.

"ಯಾರು ಬಿಗಿದದ್ದು?" ಹೆಡ್ಲಿ ಕೇಳಿದ.
"ಗ್ಯಾರೇಜಿನವನು."

ಕೊನೆಗೆ ಉಳಿ.
ಡಬ್ಬಿಯೆಲ್ಲ ಚಿಂದಿಯಾಗಿ, ಬುಡದ ದಪ್ಪ ಬಿಲ್ಲೆಯೊಂದೇ ಉಳಿದಿತ್ತು.
ಅದರ ಅಂಚಿಗೆ ಉಳಿ ಕೊಟ್ಟು, ಟಕ್,
ಮೊಟ್ಟೆ ಒಡೆಯುವಷ್ಟೇ, ಟಕ್,
ಸಿಟ್ಟಿಲ್ಲದ ಪೆಟ್ಟು.
ಏಳನೆಯದಕ್ಕೋ ಎಂಟನೆಯದಕ್ಕೋ
ಕೂದಲೆಳೆಯಷ್ಟು ಸರಿಯಿತು.
ಆಮೇಲೆ ಎರಡೇ ಬೆರಳಿಗೆ ಬಂತು,
ಏನೂ ಆಗಿಯೇ ಇಲ್ಲವೆಂಬಂತೆ.

ಎಂಜಿನ್ನಿನ ಬಾಯಿಗೆ ಹಳೆಯ ರಬ್ಬರ್ ಬಳೆ ಅಂಟಿಕೊಂಡೇ ಇತ್ತು.
ಉಗುರಿನಿಂದ ಕಿತ್ತಳು. ಹಳೆಯದರ ಮೇಲೆ
ಹೊಸದನ್ನು ಕೂರಿಸಿ ನಡುದಾರಿಯಲ್ಲಿ ಎಣ್ಣೆ ಕಾರಿ ಸತ್ತ
ಟ್ರಕ್ಕೊಂದನ್ನು ಅವಳು ಬಲ್ಲಳು.

ಹೊಸ ಫಿಲ್ಟರಿನ ತುಟಿಗೆ ತೋರುಬೆರಳಲ್ಲಿ ಎಣ್ಣೆ ಸವರಿ
ಬರಿಗೈಯಲ್ಲಿ ತಿರುಗಿಸಿದಳು. ರಬ್ಬರು ಲೋಹಕ್ಕೆ ತಾಗಿತು.
ಅಲ್ಲಿಂದ ಮುಕ್ಕಾಲು ಸುತ್ತು, ಡಬ್ಬಿಯ ಮೇಲೇ ಬರೆದಿದೆ.
ಕಾಲು.
ಅರ್ಧ.
ಮುಕ್ಕಾಲು.
ಇನ್ನೊಂದಿಷ್ಟು, ಎಂದಿತು ಮಣಿಕಟ್ಟು.
ಕೊಲ್ಲಿಯಲ್ಲಿ ಮಂಜಿನ ಬಂಡೆಯೊಂದು
ತನ್ನಷ್ಟಕ್ಕೆ ಮಗುಚಿಕೊಂಡ ಸದ್ದು.
ಕ್ಲ್ಯಾರಿಸ್ ಕೈ ತೆಗೆದಳು.

ಫ್ರೀಜರಿನ ತಳದಲ್ಲಿ ಏಳು ಪೊಟ್ಟಣ,
ಏಳರ ಮೇಲೂ ಯೂನಾಳ ಹೆಸರು.
ರಟ್ಟಿನ ಡಬ್ಬಕ್ಕೆ ತುಂಬಿ ತಂದು ಸೀಟಿನ ಮೇಲಿಟ್ಟು
ಬೇಲಿಯ ಕಡೆ ನೋಡದೆ ಹೇಳಿದಳು:
"ಸೋರುತ್ತದೋ ಇಲ್ಲವೋ ನೋಡಬೇಕಲ್ಲ,
ಗ್ಯಾಂಡರಿನವರೆಗೆ ಓಡಿಸಿಕೊಂಡು ಬರುತ್ತೇನೆ."

"ಹೋಗು, ಹೋಗು," ಎಂದ ಹೆಡ್ಲಿ.
"ಮೊದಲು ಎಣ್ಣೆ ಹಾಕು."